ಯಾರೊಡನೆ ನಗುತ್ತೇವೆ, ಯಾರನ್ನು ಕಂಡು ನಗುತ್ತೇವೆ?
ಟ್ರೆವರ್ ಗ್ರಿಫಿತ್ಸ್ ಅವರ ‘ಕಮೀಡಿಯನ್ಸ್’ ನಾಟಕ: ಒಂದು ವಿಮರ್ಶೆ

ಅಬ್ರಹಾಮ ಮತ್ತು ಸಾರಾ ದಂಪತಿಗೆ ಇಳಿವಯಸ್ಸಿನಲ್ಲಿ ಹುಟ್ಟಿದ ಮಗನ ಹೆಸರು ಇಸಾಕ. ಹಿಬ್ರೂ ಭಾಷೆಯಲ್ಲಿ ಆ ಹೆಸರಿಗೆ ‘ನಗುತ್ತಾನೆ’ ಎಂದು ಅರ್ಥ. ದೇವರು ತನಗೆ ನಗುವನ್ನು ಕೊಟ್ಟರೆಂದೂ, ಕೇಳಿದವರೆಲ್ಲರೂ ನಗುವರೆಂದೂ ಸಾರಾ ಹೇಳಿದ ಮಾತು ಆದಿಕಾಂಡದ 21ನೇ ಅಧ್ಯಾಯದಲ್ಲಿದೆ. ಆ ಮಾತಿನ ಹಿಬ್ರೂ ಮೂಲವನ್ನು ಎರಡು ಬಗೆಯಾಗಿ ಓದಬಹುದೆಂದು ಪಂಡಿತರು ಹೇಳುತ್ತಾರೆ. ಜನರು ನನ್ನೊಡನೆ ನಗುವರು ಎಂಬುದು ಒಂದು ಓದು. ನನ್ನನ್ನು ಕಂಡು ನಗುವರು ಎಂಬುದು ಇನ್ನೊಂದು. ಒಂದೇ ನಗು, ಒಂದು ಅರ್ಥದಲ್ಲಿ ಅದು ಸಂಭ್ರಮ, ಮತ್ತೊಂದರಲ್ಲಿ ಅವಮಾನ.

ಈ ಎರಡು ಅರ್ಥಗಳ ನಡುವಿನ ಇಕ್ಕಟ್ಟನ್ನೇ ವಸ್ತುವಾಗಿಸಿಕೊಂಡ ಆಧುನಿಕ ಇಂಗ್ಲಿಷ್ ನಾಟಕವೊಂದಿದೆ. ಅದು ಟ್ರೆವರ್ ಗ್ರಿಫಿತ್ಸ್ ಅವರ ‘ಕಮೀಡಿಯನ್ಸ್’, ಅಂದರೆ ಹಾಸ್ಯಗಾರರು. 1975ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ಲೇಹೌಸ್‌ನಲ್ಲಿ ರಿಚರ್ಡ್ ಏರ್ ಅವರ ನಿರ್ದೇಶನದಲ್ಲಿ ಇದು ಮೊದಲು ರಂಗಕ್ಕೆ ಬಂತು. ಬಳಿಕ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಪ್ರದರ್ಶನಗೊಂಡಿತು, 1979ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲೂ ಪ್ರಸಾರವಾಯಿತು. ಗ್ರಿಫಿತ್ಸ್ 1935ರಲ್ಲಿ ಮ್ಯಾಂಚೆಸ್ಟರ್ ನಗರದ ದುಡಿಯುವ ಕುಟುಂಬವೊಂದರಲ್ಲಿ ಹುಟ್ಟಿದವರು. ಐರಿಷ್ ಮತ್ತು ವೆಲ್ಷ್ ಮೂಲದವರಾದ ಅವರು ಕಥೋಲಿಕರಾಗಿ ಬೆಳೆದು, ಅಲ್ಲಿನ ಕಥೋಲಿಕ ಶಾಲೆಯಾದ ಸೇಂಟ್ ಬೀಡ್ಸ್ ಕಾಲೇಜಿನಲ್ಲಿ ಓದಿದರು. ಮುಂದೆ ಅವರು ಹಿಡಿದದ್ದು ಸಮಾಜವಾದದ ಹಾದಿ. 2024ರ ಮಾರ್ಚ್ ತಿಂಗಳಲ್ಲಿ ಅವರು ನಿಧನರಾದರು. ಧಾರ್ಮಿಕ ನಾಟಕವೆಂದು ಇದನ್ನು ಯಾರೂ ಕರೆಯಲಾರರು. ಇದರ ಭಾಷೆ ಹಲವೆಡೆ ಒರಟು. ಮಕ್ಕಳ ಕೈಗೆ ಕೊಡುವ ಪುಸ್ತಕವೂ ಇದಲ್ಲ. ಆದರೂ ಕ್ರೈಸ್ತ ಕುಟುಂಬಗಳ ಹಿರಿಯರು ಇದರ ವಿಷಯವನ್ನು ಅರಿತು ಚಿಂತಿಸುವುದು ಒಳ್ಳೆಯದೆಂದು ನನ್ನ ಭಾವನೆ.

ಕಾಲದ ಹಿನ್ನೆಲೆ

ನಾಟಕ ಹುಟ್ಟಿದ ಕಾಲವನ್ನು ಅರಿಯದೆ ಅದರ ತೀಕ್ಷ್ಣತೆ ತಿಳಿಯದು. ಸಾಮ್ರಾಜ್ಯವನ್ನು ಕಳೆದುಕೊಂಡ ಇಂಗ್ಲೆಂಡು ಆಗ ತಾನು ಯಾರೆಂದು ಕೇಳಿಕೊಳ್ಳುತ್ತಿತ್ತು. ಒಂದು ಕಾಲಕ್ಕೆ ಆಳಿದ ನಾಡುಗಳಿಂದಲೇ ಜನರು ದುಡಿಮೆಗಾಗಿ ಅಲ್ಲಿಗೆ ಬಂದು ನೆಲೆಸಿದ್ದರು. ವಲಸೆಯನ್ನು ನಿರ್ಬಂಧಿಸುವ ಕಾನೂನುಗಳು 1962ರಲ್ಲೂ 1968ರಲ್ಲೂ ಬಂದವು. 1968ರ ಏಪ್ರಿಲ್‌ನಲ್ಲಿ ಈನಕ್ ಪೊವೆಲ್ ಎಂಬ ರಾಜಕಾರಣಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ ವಲಸೆವಿರೋಧಿ ಭಾಷಣ ದೇಶವನ್ನೇ ಕಲಕಿತು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯಾ ಮೂಲದವರನ್ನು ಹೊರಗಟ್ಟಿದಾಗ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮಂದಿ ಬ್ರಿಟನ್ನಿಗೆ ಬಂದರು. ಅವರಲ್ಲಿ ಗೋವಾ ಮೂಲದ ಕಥೋಲಿಕ ಕುಟುಂಬಗಳೂ ಇದ್ದವು.

ಐರಿಷರ ಪಾಡು ಬೇರೆಯೇ ಬಗೆಯದು. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮ್‌ನ ಎರಡು ಪಾನಗೃಹಗಳಲ್ಲಿ ಬಾಂಬು ಸಿಡಿದು 21 ಜನರು ಸತ್ತರು. ಅಂದಿನಿಂದ ಇಂಗ್ಲೆಂಡಿನಲ್ಲಿ ಐರಿಷ್ ಉಚ್ಚಾರಣೆಯೇ ಸಂಶಯಕ್ಕೆ ಸಾಕಾಯಿತು. ಆ ಪ್ರಕರಣದಲ್ಲಿ 1975ರಲ್ಲಿ ಶಿಕ್ಷೆಗೊಳಗಾದ ಆರು ಮಂದಿ ಐರಿಷರು ನಿರಪರಾಧಿಗಳೆಂದು 1991ರಲ್ಲಿ ಬಿಡುಗಡೆಯಾದರು. ಹದಿನಾರು ವರ್ಷಗಳು ಸೆರೆಯಲ್ಲಿ ಕಳೆದುಹೋಗಿದ್ದವು. ‘ಕಮೀಡಿಯನ್ಸ್’ ರಂಗವೇರಿದ್ದು ಆ ಸ್ಫೋಟದ ಮೂರು ತಿಂಗಳ ಬಳಿಕ.

ಇದೇ ವರ್ಷಗಳಲ್ಲಿ ಗ್ರನಾಡ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮ ಮನೆಮನೆಯಲ್ಲಿ ಪ್ರಸಿದ್ಧವಾಗಿತ್ತು. 1971ರಲ್ಲಿ ಆರಂಭವಾದ ಅದರ ಹೆಸರೂ ‘ದಿ ಕಮೀಡಿಯನ್ಸ್’. ಉತ್ತರ ಇಂಗ್ಲೆಂಡಿನ ಕಾರ್ಮಿಕ ಕ್ಲಬ್ಬುಗಳಿಂದ ಬಂದ ಹಾಸ್ಯಗಾರರು ಅಲ್ಲಿ ಒಬ್ಬರ ಹಿಂದೊಬ್ಬರು ನಗೆಚಟಾಕಿ ಹಾರಿಸುತ್ತಿದ್ದರು. ಐರಿಷರು ದಡ್ಡರು, ಯೆಹೂದ್ಯರು ಜಿಪುಣರು, ಪಾಕಿಸ್ತಾನಿಗಳು ಕೊಳಕರು, ಅತ್ತೆಯರು ಪೀಡೆಗಳು: ಬಹಳಷ್ಟು ಚಟಾಕಿಗಳ ಬಂಡವಾಳ ಇಷ್ಟೇ. ಗ್ರಿಫಿತ್ಸ್ ತಮ್ಮ ನಾಟಕಕ್ಕೂ ಹೆಚ್ಚುಕಡಿಮೆ ಅದೇ ಹೆಸರನ್ನಿಟ್ಟು, ಆ ನಗೆಯ ಲೆಕ್ಕಪತ್ರವನ್ನು ಕೇಳಿದರು.

ಮೂರು ಅಂಕಗಳ ಒಂದು ಸಂಜೆ

ಕಥೆ ಸರಳ. ಮ್ಯಾಂಚೆಸ್ಟರ್‌ನ ಶಾಲೆಯೊಂದರ ತರಗತಿಯಲ್ಲಿ ಎಡ್ಡಿ ವಾಟರ್ಸ್ ಎಂಬ ಹಿರಿಯ ಹಾಸ್ಯಗಾರ ಆರು ಜನರಿಗೆ ಸಂಜೆವೇಳೆ ಹಾಸ್ಯಕಲೆಯನ್ನು ಕಲಿಸುತ್ತಿದ್ದಾನೆ. ಕಲಿಯುವವರು ದುಡಿಮೆಗಾರರು. ಮಿಕ್ ಕಾನರ್ ಕಟ್ಟಡ ಕೆಲಸದ ಐರಿಷ್ ಕಥೋಲಿಕ. ಜಾರ್ಜ್ ಮೆಕ್‌ಬ್ರೇನ್ ಬೆಲ್‌ಫಾಸ್ಟ್‌ನಿಂದ ಬಂದ ಹಡಗುಕಟ್ಟೆಯ ಕೂಲಿಕಾರ. ಸ್ಯಾಮಿ ಸ್ಯಾಮುವೆಲ್ಸ್ ಯೆಹೂದ್ಯ. ಫಿಲ್ ಮತ್ತು ಗೆಡ್ ಮರ್ರೆ ಅಣ್ಣತಮ್ಮಂದಿರು. ಒಬ್ಬ ವಿಮಾ ಪ್ರತಿನಿಧಿ, ಇನ್ನೊಬ್ಬ ಹಾಲು ಹಂಚುವವನು. ಗೆತಿನ್ ಪ್ರೈಸ್ ರೈಲ್ವೆ ಇಲಾಖೆಯ ವಾಹನ ಚಾಲಕ, ಎಲ್ಲರಿಗಿಂತ ಪ್ರತಿಭಾವಂತ, ಎಲ್ಲರಿಗಿಂತ ಸಿಟ್ಟಿನವನು. ಅಂದು ಅವರ ಪರೀಕ್ಷೆಯ ದಿನ. ಸಮೀಪದ ಕ್ಲಬ್ಬಿನಲ್ಲಿ ಅವರು ತಮ್ಮ ಹಾಸ್ಯವನ್ನು ಪ್ರದರ್ಶಿಸಬೇಕು; ಲಂಡನ್ನಿನಿಂದ ಬಂದಿರುವ ಚಾಲನರ್ ಎಂಬ ಏಜೆಂಟ್ ಮೆಚ್ಚಿದರೆ ವೃತ್ತಿಜೀವನದ ಬಾಗಿಲು ತೆರೆಯುತ್ತದೆ.

ಮೊದಲನೆಯ ಅಂಕದಲ್ಲಿ ವಾಟರ್ಸ್ ಕಲಿಸುವ ಪಾಠ ಹಾಸ್ಯದ ಧರ್ಮಶಾಸ್ತ್ರದಂತಿದೆ. ಅವನು ಇದ್ದಕ್ಕಿದ್ದಂತೆ ಐರಿಷರ ಮೇಲೆ, ಯೆಹೂದ್ಯರ ಮೇಲೆ, ಕಪ್ಪುವರ್ಣೀಯರ ಮೇಲೆ, ಹೆಂಗಸರ ಮೇಲೆ, ಕಾರ್ಮಿಕರ ಮೇಲೆ ಸಾಲುಸಾಲಾಗಿ ನಿಂದೆಯನ್ನು ಕಾರುತ್ತಾನೆ. ಶಿಷ್ಯರು ಕಕ್ಕಾಬಿಕ್ಕಿಯಾಗುತ್ತಾರೆ. ಚಟಾಕಿಯ ಸಕ್ಕರೆಲೇಪವನ್ನು ತೆಗೆದರೆ ಒಳಗೆ ಉಳಿಯುವುದು ಇದೇ ಎಂದು ತೋರಿಸುವುದು ಅವನ ಉದ್ದೇಶ. ಜನರ ಅಜ್ಞಾನವನ್ನು ಉಂಡು ಬದುಕುವ ಹಾಸ್ಯ ಕೇಳುಗರನ್ನು ಹಸಿವಿಗೆ ದೂಡುತ್ತದೆ. ನಿಜವಾದ ಹಾಸ್ಯ ಭಯದ ಗಂಟನ್ನು ಬಿಚ್ಚಿ ಮನುಷ್ಯನನ್ನು ಬಿಡುಗಡೆಗೊಳಿಸುತ್ತದೆ ಎಂಬುದು ಅವನ ಉಪದೇಶದ ಸಾರ. ಆದರೆ ಅಂಕ ಮುಗಿಯುವ ಮೊದಲೇ ಚಾಲನರ್ ಬಂದು ಬೇರೊಂದು ಉಪದೇಶ ಕೊಡುತ್ತಾನೆ: ತತ್ವಜ್ಞಾನಿಗಳು ತನಗೆ ಬೇಡ, ಜನರಿಗೆ ಬೇಕಾದದ್ದನ್ನು ಕೊಡಬಲ್ಲವರು ಬೇಕು.

ಎರಡನೆಯ ಅಂಕ ಕ್ಲಬ್ಬಿನಲ್ಲಿ, ಬಿಂಗೊ ಜೂಜಾಟದ ನಡುವಿನ ಬಿಡುವಿನಲ್ಲಿ ನಡೆಯುತ್ತದೆ. ನಾಟಕ ನೋಡಲು ಬಂದ ನಾವೇ ಇಲ್ಲಿ ಕ್ಲಬ್ಬಿನ ಪ್ರೇಕ್ಷಕರಾಗುತ್ತೇವೆ. ಕಾನರ್ ತನ್ನ ಗುರುವಿನ ಮಾತಿಗೆ ನಿಷ್ಠನಾಗಿ, ಪರನಾಡಿನಲ್ಲಿ ದುಡಿಯುವ ಐರಿಷ್ ಕಥೋಲಿಕನ ಬಾಳನ್ನು ಒಳಗಿನಿಂದ ಕಂಡು ಹಾಸ್ಯ ಮಾಡುತ್ತಾನೆ. ಸ್ಯಾಮುವೆಲ್ಸ್ ಹಾಗೆಯೇ ಆರಂಭಿಸುತ್ತಾನೆ. ಆದರೆ ಏಜೆಂಟನ ಮುಖ ಅರಳದ್ದನ್ನು ಕಂಡು ಮಧ್ಯದಲ್ಲೇ ದಿಕ್ಕು ಬದಲಿಸಿ ಹಳಸಿದ ಜನಾಂಗೀಯ ಚಟಾಕಿಗಳಿಗೆ ಇಳಿಯುತ್ತಾನೆ. ಮರ್ರೆ ಸೋದರರಲ್ಲಿ ಫಿಲ್ ಪಾಕಿಸ್ತಾನಿಯೊಬ್ಬನ ಮೇಲಿನ ಕೆಟ್ಟ ಚಟಾಕಿಯನ್ನು ತುರುಕಲು ಹೋಗುತ್ತಾನೆ, ಗೆಡ್ ಒಪ್ಪುವುದಿಲ್ಲ, ಇಬ್ಬರ ಆಟವೂ ವೇದಿಕೆಯ ಮೇಲೆಯೇ ಕುಸಿಯುತ್ತದೆ. ಮೆಕ್‌ಬ್ರೇನ್ ತನ್ನದೇ ನಾಡಿನ ಐರಿಷರನ್ನೂ ಹೆಂಗಸರನ್ನೂ ಮಾರಾಟಕ್ಕಿಡುತ್ತಾನೆ. ಕೊನೆಗೆ ಬರುವ ಪ್ರೈಸ್ ನಗಿಸುವುದೇ ಇಲ್ಲ. ಉಡುಗೆತೊಡುಗೆಯಿಂದ ಸಿರಿವಂತರೆಂದು ಕಾಣುವ ಗಂಡುಹೆಣ್ಣಿನ ಎರಡು ಗೊಂಬೆಗಳೆದುರು ನಿಂತು, ಅವು ತನ್ನೊಡನೆ ಮಾತನಾಡಲಿಲ್ಲವೆಂದು ಕೆರಳುತ್ತಾನೆ. ಹೆಣ್ಣುಗೊಂಬೆಯ ಎದೆಗೆ ಹೂವೊಂದನ್ನು ಚುಚ್ಚಿದಾಗ ಬಟ್ಟೆಯ ಮೇಲೆ ರಕ್ತ ಹರಡುತ್ತದೆ.

ಮೂರನೆಯ ಅಂಕದಲ್ಲಿ ತೀರ್ಪು. ಕರಾರುಪತ್ರ ಸಿಕ್ಕುವುದು ಸ್ಯಾಮುವೆಲ್ಸ್ ಮತ್ತು ಮೆಕ್‌ಬ್ರೇನ್ ಅವರಿಗೆ.

ಪ್ರವೇಶಶುಲ್ಕ

ನಾಟಕದ ತಿರುಳು ಈ ತೀರ್ಪಿನಲ್ಲಿದೆಯೆಂದು ನಾನು ಭಾವಿಸುತ್ತೇನೆ. ವಿಮರ್ಶಕರು ಸಾಮಾನ್ಯವಾಗಿ ವಾಟರ್ಸ್ ಮತ್ತು ಪ್ರೈಸ್ ನಡುವಿನ ವಾದವನ್ನೇ ಕೇಂದ್ರವೆಂದು ಹಿಡಿಯುತ್ತಾರೆ. ಅದು ಮುಖ್ಯವೇ ಸರಿ. ಆದರೆ ಗೆದ್ದವರು ಯಾರೆಂದು ಗಮನಿಸಿ: ಒಬ್ಬ ಯೆಹೂದ್ಯ, ಒಬ್ಬ ಬೆಲ್‌ಫಾಸ್ಟ್‌ನವನು. ಅಂದರೆ ಆ ಕ್ಲಬ್ಬಿನ ಚಟಾಕಿಗಳಿಗೆ ತಲೆತಲಾಂತರದಿಂದ ಗುರಿಯಾದವರು. ‘ನಾವು’ ಎಂಬ ವೃತ್ತದೊಳಗೆ ಸೇರಲು ಅವರು ತೆತ್ತ ಶುಲ್ಕವೇನು? ಒಬ್ಬ ತನ್ನವರನ್ನೇ ಅಡವಿಟ್ಟ. ಇನ್ನೊಬ್ಬ ತನಗಿಂತ ಈಚೆಗೆ ಬಂದ ವಲಸಿಗರನ್ನು ತೋರಿಸಿ ನಕ್ಕ. ಹೊರಗಿನವನು ಒಳಗಿನವನಾಗುವ ಸುಲಭ ಮಾರ್ಗವೆಂದರೆ ಇನ್ನೊಬ್ಬ ಹೊರಗಿನವನನ್ನು ತೋರಿಸುವುದು.

ರಾಷ್ಟ್ರವೆಂಬುದು ಧ್ವಜದಿಂದ, ಗಡಿಯಿಂದ, ಕಾನೂನಿನಿಂದ ಮಾತ್ರ ನಿರ್ಮಾಣವಾಗುವುದಿಲ್ಲ. ಒಂದು ಕೋಣೆಯಲ್ಲಿ ನೂರು ಜನರು ಒಟ್ಟಿಗೆ ನಕ್ಕಾಗಲೂ ಅದು ನಿರ್ಮಾಣವಾಗುತ್ತದೆ. ಆ ನಗೆಯಲ್ಲಿ ಸೇರಿದವರು ನಮ್ಮವರು. ನಗೆಗೆ ಗುರಿಯಾದವರು ಅನ್ಯರು. ಕಾಗದದ ಮೇಲೆ ನಾಗರಿಕತ್ವ ಪಡೆದವನಿಗೂ ಈ ಕೋಣೆಯಲ್ಲಿ ಜಾಗವಿಲ್ಲದೆ ಹೋಗಬಹುದು. ಗ್ರಿಫಿತ್ಸ್ ಇದನ್ನು ಭಾಷಣದಿಂದ ಹೇಳುವುದಿಲ್ಲ. ನಮ್ಮನ್ನೇ ಕ್ಲಬ್ಬಿನಲ್ಲಿ ಕೂರಿಸಿ ನಗಿಸುತ್ತಾರೆ. ಸ್ಯಾಮುವೆಲ್ಸ್‌ನ ಚಟಾಕಿಗೆ ಥಟ್ಟನೆ ನಕ್ಕವರು ಮರುಕ್ಷಣವೇ ಮೊದಲನೆಯ ಅಂಕದ ಪಾಠವನ್ನು ನೆನೆದು ತುಟಿ ಮುಚ್ಚಿಕೊಳ್ಳಬೇಕಾಗುತ್ತದೆ. ತರಗತಿಯ ಗೋಡೆಯ ಮೇಲಿನ ಗಡಿಯಾರ ನಿಜವಾದ ಸಮಯವನ್ನೇ ತೋರಿಸುತ್ತ ಓಡುತ್ತದೆಂಬುದೂ ಅರ್ಥಪೂರ್ಣ. ಇದು ಬೇರೆ ಯಾರದೋ ಕಥೆಯೆಂದು ತಪ್ಪಿಸಿಕೊಳ್ಳಲು ಆಸ್ಪದವಿಲ್ಲ.

ವಾಟರ್ಸ್ ಹೀಗೇಕೆ ಯೋಚಿಸುತ್ತಾನೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಯುದ್ಧ ಮುಗಿದ ಮೇಲೆ ಸೈನಿಕರನ್ನು ರಂಜಿಸಲು ಜರ್ಮನಿಗೆ ಹೋಗಿದ್ದ ಅವನು ಅಲ್ಲಿ ನಾಜಿ ಶಿಬಿರವೊಂದನ್ನು ಕಂಡ. ಬಳಿಕ ಯಾರೋ ಯೆಹೂದ್ಯನ ಕುರಿತು ಚಟಾಕಿ ಹಾರಿಸಿದಾಗ ಯಾರೂ ನಗಲಿಲ್ಲ. ಪ್ರತಿಯೊಂದು ಚಟಾಕಿಯೂ ಆ ಶಿಬಿರದ ಒಂದೊಂದು ಕಣವಾಗಿ ಅವನಿಗೆ ತೋರಿತು. ಇಷ್ಟಕ್ಕೇ ನಿಂತಿದ್ದರೆ ಇದು ನೀತಿಕಥೆಯಾಗುತ್ತಿತ್ತು. ಆದರೆ ಆ ನರಕವನ್ನು ಕಂಡಾಗ ತನ್ನೊಳಗಿನದೇನೋ ಅದರತ್ತ ಸೆಳೆಯಲ್ಪಟ್ಟಿತೆಂದೂ ಅವನು ತಲೆತಗ್ಗಿಸಿ ಹೇಳುತ್ತಾನೆ. ಆದ್ದರಿಂದ ದ್ವೇಷಕ್ಕಿಂತ ಆಳಕ್ಕೆ ಇಳಿಯಬೇಕೆಂಬುದು ಅವನ ಮಾತು. ಪ್ರೈಸ್ ಇದನ್ನು ಒಪ್ಪುವುದಿಲ್ಲ. ಗುರುವು ಹಸಿವನ್ನೂ ಸಿಟ್ಟನ್ನೂ ಮರೆತನೆಂಬುದು ಅವನ ಆಕ್ಷೇಪ. ಸಾವಿನ ಸಾಲಿನಲ್ಲಿ ತಾನು ತೆಪ್ಪಗೆ ನಿಲ್ಲಲಾರೆನೆಂಬುದು ಅವನ ಹಟ. ಮೂಲಪಾಪವೆಂದು ಧರ್ಮಸಭೆ ಯಾವುದನ್ನು ಕರೆಯುತ್ತದೆಯೋ ಅದರ ನೆರಳು ವಾಟರ್ಸ್‌ನ ಮಾತಿನಲ್ಲಿ ಕಾಣುತ್ತದೆ. ಕೆಡುಕು ಎದುರಾಳಿಯಲ್ಲಿ ಮಾತ್ರವಿಲ್ಲ, ನನ್ನಲ್ಲೂ ಇದೆ ಎಂದು ಬಲ್ಲವನು ಅವನು. ಪ್ರೈಸ್‌ಗೆ ಅನ್ಯಾಯ ಕಾಣುತ್ತದೆ, ತನ್ನೊಳಗಿನ ಕತ್ತಲೆ ಕಾಣುವುದಿಲ್ಲ. ಹಾಗೆಂದು ಅವನ ಸಿಟ್ಟನ್ನು ತಳ್ಳಿಹಾಕುವುದೂ ಸರಿಯಲ್ಲ. ದೇವಾಲಯದ ಅಂಗಳದಲ್ಲಿ ಹಣವಿನಿಮಯಗಾರರ ಮೇಜುಗಳನ್ನು ಉರುಳಿಸಿದ ಪ್ರಭುವಿನ ಶಿಷ್ಯರು ನಾವು.

ಶ್ರೀಗ್ರಂಥದ ಬೆಳಕಿನಲ್ಲಿ

ಶುಭಸಂದೇಶಗಳಲ್ಲಿ ಇಂಥ ನಗೆಯ ಪ್ರಸಂಗಗಳು ಇಲ್ಲವೆಂದು ತಿಳಿಯಬೇಡಿ. ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಯೇಲನು ಕೇಳಿದ್ದು ಊರಿನ ಹೆಸರು ಹಿಡಿದು ಮಾಡಿದ ಕೊಂಕು. ಯೇಸು ಅದಕ್ಕೆ ಮುನಿಯದೆ, ಕಪಟವಿಲ್ಲದ ಮನುಷ್ಯನೆಂದು ಅವನನ್ನೇ ಹೊಗಳಿದರು. ಪ್ರಧಾನಯಾಜಕನ ಅಂಗಳದಲ್ಲಿ ಪೇತ್ರನನ್ನು ಹಿಡಿದುಕೊಟ್ಟದ್ದು ಅವನ ಗಲಿಲೇಯದ ಮಾತಿನ ಧಾಟಿ. ರೋಮನ್ ಸೈನಿಕರು ಯೇಸುವಿಗೆ ಮುಳ್ಳಿನ ಕಿರೀಟ ತೊಡಿಸಿ, ಯೆಹೂದ್ಯರ ಅರಸನೆಂದು ಮೊಣಕಾಲೂರಿ ನಕ್ಕದ್ದು ಆಳುವ ಜನಾಂಗವು ಆಳಿಸಿಕೊಳ್ಳುವ ಜನಾಂಗವನ್ನು ಕುರಿತು ಮಾಡಿದ ಹಾಸ್ಯ. ಜನಾಂಗೀಯ ಚಟಾಕಿಯ ಗುರಿಯಾಗಿ ನಿಂತವರಲ್ಲಿ ನಮ್ಮ ಪ್ರಭುವೂ ಒಬ್ಬರೆಂಬುದನ್ನು ನಾವು ಎಷ್ಟು ಸಲ ಧ್ಯಾನಿಸಿದ್ದೇವೆ?

ಇನ್ನೂ ಒಂದು ಮಾತು. ಒಬ್ಬ ಇಂಗ್ಲಿಷಿನವನು, ಒಬ್ಬ ಸ್ಕಾಟ್‌ಲೆಂಡಿನವನು, ಒಬ್ಬ ಐರಿಷಿನವನು ಎಂದು ಆರಂಭವಾಗುವ ಚಟಾಕಿಗಳು ಇಂಗ್ಲೆಂಡಿನಲ್ಲಿ ಅಸಂಖ್ಯ. ಮೊದಲಿಬ್ಬರು ಸರಿಯಾಗಿ ನಡೆದುಕೊಳ್ಳುತ್ತಾರೆ, ಮೂರನೆಯವನು ಪೆದ್ದನಾಗುತ್ತಾನೆ. ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಗೂ ಇದೇ ಚೌಕಟ್ಟಿದೆ. ಜೆರಿಕೊ ದಾರಿಯಲ್ಲಿ ಮೊದಲು ಯಾಜಕ ಬರುತ್ತಾನೆ, ನಂತರ ಲೇವಿಯ ಬರುತ್ತಾನೆ. ಯಾಜಕ, ಲೇವಿಯ, ಇಸ್ರಯೇಲಿನ ಸಾಮಾನ್ಯ ಜನ ಎಂಬುದು ಆ ಕಾಲದ ಕೇಳುಗರಿಗೆ ಚಿರಪರಿಚಿತ ಕ್ರಮವಾದ್ದರಿಂದ, ಮೂರನೆಯವನು ತಮ್ಮಂಥ ಸಾಮಾನ್ಯ ಯೆಹೂದ್ಯನೇ ಆಗಿರುವನೆಂದು ಅವರು ಕಾದಿದ್ದಿರಬೇಕು. ಬಂದವನು ಸಮಾರಿಯದವನು! ಯಾರ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರೋ ಅವನೇ ಕಥೆಯ ನಾಯಕ. ಚಟಾಕಿಯ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡು, ಅದರ ಮೊನೆಯನ್ನು ಯೇಸು ಕೇಳುಗರತ್ತ ತಿರುಗಿಸಿದರು. ವಾಟರ್ಸ್ ತನ್ನ ಶಿಷ್ಯರಿಂದ ಬಯಸಿದ ಧೈರ್ಯ ಇದೇ ಬಗೆಯದು.

ಧರ್ಮಸಭೆಯ ಪರಂಪರೆ ನಗುವಿನ ವೈರಿಯೂ ಅಲ್ಲ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೊಲಸು ಮಾತನ್ನೂ ಕುಚೋದ್ಯವನ್ನೂ ನಿಷೇಧಿಸುವಾಗ ‘ಯೂಟ್ರಪೇಲಿಯ’ ಎಂಬ ಗ್ರೀಕ್ ಪದವನ್ನು ಬಳಸುತ್ತಾರೆ. ಇದೇ ಪದ ಅರಿಸ್ಟಾಟಲನಲ್ಲಿ ಸದ್ಗುಣದ ಹೆಸರು. ಸಂತ ತೋಮಸ್ ಅಕ್ವಿನಾಸರು ಅದನ್ನು ಮತ್ತೆ ಸದ್ಗುಣವೆಂದೇ ಎತ್ತಿಹಿಡಿದು, ಎಂದೂ ನಗದವನೂ ಇತರರ ನಗುವಿಗೆ ಅಡ್ಡಿಯಾಗುವವನೂ ತಪ್ಪಿತಸ್ಥನೇ ಎಂದರು. ಬಿಲ್ಲನ್ನು ಸದಾ ಬಗ್ಗಿಸಿಯೇ ಇಟ್ಟರೆ ಮುರಿದುಹೋಗುವಂತೆ ಮನಸ್ಸಿಗೂ ವಿಶ್ರಾಂತಿ ಬೇಕೆಂಬ ಹಳೆಯ ದೃಷ್ಟಾಂತವನ್ನು ಅವರು ನೆನೆಯುತ್ತಾರೆ. ಜೊತೆಗೆ ಒಂದು ಮಿತಿಯನ್ನೂ ಇಡುತ್ತಾರೆ: ಆ ನಗು ನೆರೆಯವನಿಗೆ ಹಾನಿ ಮಾಡಬಾರದು. 2024ರ ಜೂನ್ 14ರಂದು ದಿವಂಗತ ಪೋಪ್ ಫ್ರಾನ್ಸಿಸ್ ಅವರು ನಾನಾ ದೇಶಗಳ ನೂರಕ್ಕೂ ಹೆಚ್ಚು ಹಾಸ್ಯಗಾರರನ್ನು ವ್ಯಾಟಿಕನ್ನಿಗೆ ಕರೆಸಿ ಮಾತನಾಡಿದ್ದು ಇದೇ ಪರಂಪರೆಯ ಮುಂದುವರಿಕೆ.

ನಾಟಕದ ಕೊರತೆಗಳು

ಮೆಚ್ಚಿದ ಕೃತಿಯಲ್ಲೂ ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆಯಾಗದು. ಈ ನಾಟಕದಲ್ಲಿ ಮಾತನಾಡುವ ಒಂದು ಹೆಣ್ಣು ಪಾತ್ರವೂ ಇಲ್ಲ. ಹೆಂಗಸರ ಮೇಲಿನ ಚಟಾಕಿ ಕೆಟ್ಟದ್ದೆಂದು ವಾಟರ್ಸ್ ಕಲಿಸುತ್ತಾನೆ. ಆದರೆ ಆ ಚಟಾಕಿಗೆ ಗುರಿಯಾದ ಹೆಣ್ಣು ಏನು ಹೇಳುತ್ತಾಳೆಂದು ನಾಟಕ ಕೇಳುವುದಿಲ್ಲ. ಅಲ್ಲಿರುವ ಒಂದೇ ಹೆಣ್ಣು ರೂಪ ರಕ್ತ ಸುರಿಸುವ ಗೊಂಬೆ. ಅನ್ಯರನ್ನು ವಸ್ತುವಾಗಿಸುವ ಹಾಸ್ಯವನ್ನು ಖಂಡಿಸುವ ನಾಟಕವೇ ಹೆಣ್ಣನ್ನು ವಸ್ತುವಾಗಿ ಉಳಿಸಿರುವುದು ವಿಷಾದದ ಸಂಗತಿ.

ಎರಡನೆಯದು ಪಟೇಲ್ ಎಂಬ ಪಾತ್ರ. ಬೇರೆ ಯಾವುದೋ ತರಗತಿಯನ್ನು ಹುಡುಕುತ್ತ ದಾರಿ ತಪ್ಪಿ ಬರುವ ಈ ಭಾರತ ಮೂಲದ ಮನುಷ್ಯ ಮೊದಲನೆಯ ಅಂಕದಲ್ಲಿ ಇಣುಕಿ ಹೋಗುತ್ತಾನೆ. ಕೊನೆಯಲ್ಲಿ ಮತ್ತೆ ಬರುತ್ತಾನೆ. ಎಲ್ಲರೂ ಹೊರಟುಹೋದ ಮೇಲೆ ಸೋತು ಕುಳಿತ ವಾಟರ್ಸ್‌ಗೆ ಅವನು ತನ್ನದೊಂದು ನಗೆಪ್ರಸಂಗ ಹೇಳುತ್ತಾನೆ. ವಾಟರ್ಸ್ ನಗುತ್ತಾನೆ, ಮುಂದಿನ ತರಗತಿಗೆ ಅವನನ್ನು ಕರೆಯುತ್ತಾನೆ. ಚಟಾಕಿಗಳಲ್ಲಿ ಗುರಿಯಾಗಿದ್ದ ‘ಅನ್ಯ’ನೇ ಹೇಳುವವನಾದದ್ದು ಸೊಗಸಾದ ಮುಕ್ತಾಯವೇ. ಆದರೂ ಪಟೇಲನಿಗೆ ಮನೆಯೆಲ್ಲಿ, ದುಃಖವೇನು, ಆ ಊರಿನಲ್ಲಿ ಅವನು ಏನೇನು ಕೇಳಿಸಿಕೊಂಡಿದ್ದಾನೆ ಎಂಬುದಕ್ಕೆ ನಾಟಕದಲ್ಲಿ ಎಡೆ ಸಾಲದು. ಇತರ ಆರು ಜನರಿಗೆ ಸಿಕ್ಕಿದ ಒಳಬದುಕು ಅವನಿಗೆ ಸಿಕ್ಕಿಲ್ಲ.

ನಮ್ಮ ಮನೆಗಳಲ್ಲಿ

ಇಂಗ್ಲೆಂಡಿನ ಕ್ಲಬ್ಬುಗಳ ಮಾತು ನಮಗೇಕೆ ಎಂದು ಕೇಳುವವರಿರಬಹುದು. ಆದರೆ ಧರ್ಮಕೇಂದ್ರದ ದಿನಾಚರಣೆಯ ಕಿರುನಾಟಕಗಳನ್ನು ನೆನಪಿಸಿಕೊಳ್ಳಿ. ನಗೆಪಾತ್ರ ಯಾರದು? ಅನೇಕ ವೇಳೆ ಬೇರೆ ಭಾಷೆಯ ಧಾಟಿಯಲ್ಲಿ ಕನ್ನಡ ಮಾತನಾಡುವ ಕೂಲಿಯವನು, ಉತ್ತರದಿಂದ ಬಂದ ಕಾವಲುಗಾರ, ಉಗ್ಗುವವನು, ಕಪ್ಪು ಬಣ್ಣದ ಸೊಸೆ. ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟುವ ಸರ್ದಾರ್ಜಿ ಚಟಾಕಿಗಳೂ ಇಂಥವೇ. ಅಲ್ಪಸಂಖ್ಯಾತರಾದ ನಾವು ಸಿನಿಮಾಗಳಲ್ಲಿ ಪಾದ್ರಿಯನ್ನೋ ಕ್ರೈಸ್ತ ಹೆಣ್ಣನ್ನೋ ನಗೆಪಾಟಲು ಮಾಡಿದಾಗ ನೋಯುತ್ತೇವೆ. ಆ ನೋವು ನ್ಯಾಯವಾದದ್ದೇ. ಹಾಗಿರುವಾಗ ನಮ್ಮ ವೇದಿಕೆಯಲ್ಲಿ ನಾವು ಇನ್ನೊಬ್ಬರಿಗೆ ಅದನ್ನೇ ಮಾಡಿದರೆ, ಸ್ಯಾಮುವೆಲ್ಸ್ ತೆತ್ತ ಶುಲ್ಕವನ್ನೇ ನಾವೂ ತೆತ್ತಂತಾಯಿತು.

ಮಕ್ಕಳು ಭಾಷೆ ಕಲಿಯುವಂತೆಯೇ ನಗುವುದನ್ನೂ ಊಟದ ಮೇಜಿನ ಸುತ್ತ ಕಲಿಯುತ್ತಾರೆ. ಅಪ್ಪ ಯಾರ ಹೆಸರೆತ್ತಿ ನಗುತ್ತಾನೋ ಅವರು ಅಷ್ಟೇನೂ ಮನುಷ್ಯರಲ್ಲವೆಂದು ಮಗು ಯಾರೂ ಹೇಳಿಕೊಡದೆಯೇ ತಿಳಿದುಕೊಳ್ಳುತ್ತದೆ. ಇದಕ್ಕೆ ಮದ್ದು ನಗುವನ್ನು ನಿಲ್ಲಿಸುವುದಲ್ಲ. ನಗುವಿಲ್ಲದ ಮನೆ ಕ್ರೈಸ್ತ ಮನೆಯಲ್ಲ. ಒಂದು ಸರಳ ಪರೀಕ್ಷೆ ಸಾಕು: ನಾನು ಹೇಳಹೊರಟಿರುವ ಚಟಾಕಿಯನ್ನು ಅದರ ಗುರಿಯಾದವನು ಪಕ್ಕದಲ್ಲಿ ಕುಳಿತಿದ್ದರೂ ಹೇಳುತ್ತಿದ್ದೆನೇ? ಕೇಳಿ ಅವನೂ ನಮ್ಮೊಡನೆ ನಗುತ್ತಿದ್ದನೇ?

ಮುಂದಿನ ದಿನಾಚರಣೆಗೆ ಕಿರುನಾಟಕ ಬರೆಯುವ ಯುವಜನರು ಇನ್ನೊಂದು ಹೆಜ್ಜೆ ಮುಂದಿಡಬಹುದು. ನಮ್ಮ ಧರ್ಮಕೇಂದ್ರಕ್ಕೆ ದೂರದ ಊರಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಕುಟುಂಬಗಳಿವೆ. ಅವರನ್ನು ಕುರಿತು ಬರೆಯುವ ಮೊದಲು, ಅವರ ಊರಿನಲ್ಲಿ ಜನರು ಯಾವುದಕ್ಕೆ ನಗುತ್ತಾರೆಂದು ಅವರನ್ನೇ ಕೇಳಿ ನೋಡಿ. ವಾಟರ್ಸ್ ಆ ಸಂಜೆ ಮನಸಾರೆ ನಕ್ಕದ್ದು ಪಟೇಲನಿಗೆ ಕಿವಿಗೊಟ್ಟಾಗ.